ಯುಗಾದಿ: ಯಾವ ಮಾನದ್ದು?

ಮಾರ್ಚ್ ಬಂತೆಂದರೆ ಫ್ಲೆಕ್ಸುಗಳಲ್ಲಿ, ವಾಟ್ಸ್ಆ್ಯಪ್ ಶುಭಾಶಯಗಳಲ್ಲಿ ಒಂದೇ ಸಾಲು: ‘ಯುಗಾದಿ, ಸಮಸ್ತ ಹಿಂದೂಗಳ ಹೊಸ ವರ್ಷ’. ಏಪ್ರಿಲ್ ಎರಡನೇ ವಾರಕ್ಕೆ ಇನ್ನೊಂದು ಸಾಲು: ‘ಸೌರಮಾನ ಯುಗಾದಿ, ತಮಿಳರ ಹೊಸ ವರ್ಷ’. ಎರಡೂ ಅರ್ಧ ಸರಿ, ಹಾಗಾಗಿಯೇ ವರ್ಷವರ್ಷವೂ ಯಾರೂ ತಿದ್ದದೆ ಹಾಗೆಯೇ ಸಾಗುತ್ತಿವೆ. ಈ ಸಲವಾದರೂ ಪದವನ್ನು ಬಿಡಿಸಿ ನೋಡೋಣ.

ಯುಗ + ಆದಿ, ಸವರ್ಣದೀರ್ಘ ಸಂಧಿ. ಇಷ್ಟು ಎಲ್ಲರಿಗೂ ಗೊತ್ತು. ತೊಡಕು ಇರುವುದು ‘ಯುಗ’ದಲ್ಲಿ. ಈ ಪದ ಕಿವಿಗೆ ಬಿದ್ದ ಕೂಡಲೇ ಕೃತ, ತ್ರೇತಾ, ದ್ವಾಪರ, ಕಲಿ ಎಂದು ಲಕ್ಷಾಂತರ ವರ್ಷಗಳ ಲೆಕ್ಕಕ್ಕೆ ಹಾರುತ್ತೇವೆ. ‘ಯಾವ ಯುಗದ ಆದಿ?’ ಎಂಬ ಪ್ರಶ್ನೆಗೆ ಉತ್ತರವಾಗಿ ಈ ನಾಲ್ಕರಲ್ಲಿ ಯಾವುದಾದರೊಂದರ ಹೆಸರನ್ನು ಅಂಟಿಸಿಬಿಡುತ್ತೇವೆ. ಆದರೆ ಧರ್ಮಶಾಸ್ತ್ರ ನಾಲ್ಕು ಯುಗಗಳಿಗೆ ಪ್ರತ್ಯೇಕವಾಗಿ ‘ಯುಗಾದಿ ತಿಥಿ’ಗಳನ್ನು ಹೇಳುತ್ತದೆ: ವೈಶಾಖ ಶುದ್ಧ ತದಿಗೆ, ಕಾರ್ತಿಕ ಶುದ್ಧ ನವಮಿ, ಭಾದ್ರಪದ ಬಹುಳ ತ್ರಯೋದಶಿ, ಮಾಘದ ಹದಿನೈದನೆಯ ತಿಥಿ. ದಾನಕ್ಕೂ ಪಿತೃಕಾರ್ಯಕ್ಕೂ ಹೇಳಿದ ದಿನಗಳಿವು. ಇವುಗಳಲ್ಲಿ ಮೊದಲನೆಯದು ನಮ್ಮ ಅಕ್ಷಯ ತದಿಗೆ. ಚೈತ್ರ ಶುದ್ಧ ಪಾಡ್ಯ ಈ ಪಟ್ಟಿಯಲ್ಲೇ ಇಲ್ಲ! ಅಂದರೆ ಬೇವು-ಬೆಲ್ಲದ ಯುಗಾದಿಯಲ್ಲಿ ಇರುವ ಯುಗ ಈ ನಾಲ್ಕರಲ್ಲಿ ಯಾವುದೂ ಅಲ್ಲ, ಸಂವತ್ಸರ.

ಹಾಗಾದರೆ ವರ್ಷಕ್ಕೆ ‘ಯುಗ’ ಎಂಬ ಹೆಸರು ಹೇಗೆ ಒಪ್ಪುತ್ತದೆ? ‘ಯುಜ್’ ಎಂದರೆ ಕೂಡಿಸು, ಹೂಡು. ಯೋಗ, ಯುಗ್ಮ, ಯುಗಳ, ಸಂಯುಕ್ತ, ನಿಯುಕ್ತಿ ಎಲ್ಲವೂ ಒಂದೇ ಬೇರಿನವು. ಸಂಸ್ಕೃತದಲ್ಲಿ ಯುಗ ಎಂದರೆ ನೊಗವೂ ಹೌದು. ಕಾಲಗಣನೆಯಲ್ಲಿ ಆ ನೊಗಕ್ಕೆ ಹೂಡಿರುವುದು ಸೂರ್ಯ ಚಂದ್ರರನ್ನು. ಪ್ರಾಚೀನ ಕಾಲಗಣನೆಯ ಗ್ರಂಥವಾದ ವೇದಾಂಗ ಜ್ಯೋತಿಷದ ಯುಗ ಬರೀ ಐದು ವರ್ಷದ್ದು, 1,830 ದಿನಗಳದ್ದು. ಅದರಲ್ಲಿ ಸೌರ ಮಾಸಗಳು 60, ಚಾಂದ್ರ ಮಾಸಗಳು 62. ಸೂರ್ಯ ಚಂದ್ರರು ಜೊತೆಯಾಗಿ ಹೊರಟು, ಐದು ವರ್ಷಕ್ಕೆ ಮತ್ತೆ ಜೊತೆಗೂಡಿದರೆ ಒಂದು ಯುಗ ಮುಗಿಯಿತು. ಹೆಚ್ಚಿಗೆ ಉಳಿಯುವ ಎರಡು ತಿಂಗಳೇ ಅಧಿಕ ಮಾಸಗಳು. ಇನ್ನೊಂದು ಮಾತು: ಆ ಯುಗ ಶುರುವಾಗುತ್ತಿದ್ದುದು ಮಾಘ ಶುದ್ಧ ಪಾಡ್ಯದಲ್ಲಿ, ಉತ್ತರಾಯಣದ ಜೊತೆಗೆ, ಕೊರೆಯುವ ಚಳಿಯಲ್ಲಿ. ‘ವೇದಕಾಲದಿಂದಲೂ ವಸಂತದಲ್ಲೇ ಯುಗಾದಿ’ ಎಂದು ಬರೆಯುವವರು ಇದನ್ನು ಗಮನಿಸಬೇಕು.

‘ಉಗಾದಿ ತಪ್ಪು, ಯುಗಾದಿ ಸರಿ’ ಎಂಬ ತಿದ್ದುಪಡಿಯನ್ನೂ ಇಲ್ಲೇ ಬಗೆಹರಿಸಿಬಿಡಬಹುದು. ತೆಲುಗಿನಲ್ಲಿ ಬರಹದ ರೂಪವೇ ಉಗಾದಿ. ಕನ್ನಡದ ಹಳ್ಳಿಗಳ ಬಾಯಲ್ಲೂ ಅದೇ. ಅದು ಅಪಭ್ರಂಶವಲ್ಲ, ತದ್ಭವ.

ಈಗ ‘ಮಾನ’. ಮಾನ ಎಂದರೆ ಅಳತೆ. ಚಂದ್ರನ ಅಳತೆ ಚಾಂದ್ರಮಾನ, ಸೂರ್ಯನ ಅಳತೆ ಸೌರಮಾನ. ‘ಚಂದ್ರಮಾನ ಯುಗಾದಿ’ ಎಂದು ಬರೆಯುವವರು ಮುಂದಿನ ತಿಂಗಳು ‘ಸೂರ್ಯಮಾನ ಯುಗಾದಿ’ ಎಂದೂ ಬರೆಯಬೇಕಾಗುತ್ತದೆ. ಸೌರ ಎನ್ನುವಲ್ಲಿ ಮೊದಲ ಸ್ವರವನ್ನು ಬದಲಿಸಿ ಚಾಂದ್ರ ಎನ್ನುವಲ್ಲಿ ಬಿಡುವುದು ಸರಿಯಲ್ಲ.

ಕಾಗುಣಿತದ ತಪ್ಪಿಗಿಂತ ದೊಡ್ಡ ಗೊಂದಲ ಬೇರೆ ಇದೆ. ಚಾಂದ್ರಮಾನ ಮತ್ತು ಸೌರಮಾನ ಎರಡು ಬೇರೆ ಬೇರೆ ಕ್ಯಾಲೆಂಡರುಗಳು, ಒಂದಕ್ಕೊಂದು ಸಂಬಂಧವಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ನಮ್ಮ ಚಾಂದ್ರಮಾನಕ್ಕೆ ಸೌರಮಾನವೇ ಆಧಾರ. ಅಮಾವಾಸ್ಯೆಯಿಂದ ಅಮಾವಾಸ್ಯೆವರೆಗೆ ಒಂದು ಚಾಂದ್ರ ಮಾಸ. ಅದರೊಳಗೆ ಯಾವ ಸಂಕ್ರಮಣ ಬರುತ್ತದೆ ಎಂಬುದರ ಮೇಲೆ ಮಾಸದ ಹೆಸರು ನಿಲ್ಲುತ್ತದೆ. ಸೂರ್ಯ ಮೇಷಕ್ಕೆ ಪ್ರವೇಶಿಸುವ ಮಾಸ ಚೈತ್ರ, ವೃಷಭಕ್ಕೆ ಪ್ರವೇಶಿಸುವ ಮಾಸ ವೈಶಾಖ. ಯಾವ ಸಂಕ್ರಮಣವೂ ಬಾರದ ಮಾಸ ಅಧಿಕ. ಮೇಷ ಸಂಕ್ರಮಣವೇ ಸೌರಮಾನ ಯುಗಾದಿ. ಆದ್ದರಿಂದ ಸೌರಮಾನ ಯುಗಾದಿ ಯಾವಾಗಲೂ ಚೈತ್ರ ಮಾಸದೊಳಗೇ, ಚಾಂದ್ರಮಾನ ಯುಗಾದಿಯಾದ ಮೂವತ್ತು ದಿನಗಳ ಒಳಗೇ ಬರುತ್ತದೆ. ಚಾಂದ್ರಮಾನ ಯುಗಾದಿ ಮಾರ್ಚ್ ಮಧ್ಯಕ್ಕಿಂತ ಹಿಂದೆ ಹೋಗದಿರುವುದಕ್ಕೂ ಏಪ್ರಿಲ್ ಮಧ್ಯವನ್ನು ದಾಟದಿರುವುದಕ್ಕೂ ಇದೇ ಕಾರಣ.

ದಿನಾಂಕಗಳಲ್ಲಿ ನೋಡಿ. 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಹನ್ನೆರಡು ಚಾಂದ್ರ ಮಾಸಗಳಿಗೆ 354 ದಿನ, ಹಾಗಾಗಿ ಹನ್ನೊಂದು ದಿನ ಹಿಂದೆ ಸರಿಯಿತು. ಹೀಗೇ ಬಿಟ್ಟರೆ 2027ರಲ್ಲಿ ಮಾರ್ಚ್ 8ರ ಸುಮಾರಿಗೆ ಬೀಳಬೇಕು, ಆಗ ಮೇಷ ಸಂಕ್ರಮಣ ಆ ಮಾಸದಿಂದ ಹೊರಗುಳಿಯುತ್ತದೆ. ಅದಕ್ಕೇ 2026ರ ಮೇ-ಜೂನ್‌ನಲ್ಲಿ ಅಧಿಕ ಜ್ಯೇಷ್ಠ. ವರ್ಷ 384 ದಿನಗಳದ್ದಾಗಿ, 2027ರ ಯುಗಾದಿ ಏಪ್ರಿಲ್ 7ಕ್ಕೆ ಹೋಗುತ್ತದೆ.

2026ರ ಯುಗಾದಿಯ ದಿನದ ಬಗ್ಗೆ ಎದ್ದ ವಾದವನ್ನೂ ಹತ್ತಿರದಿಂದ ನೋಡಬೇಕು. ಸೂರ್ಯೋದಯಕ್ಕೆ ಯಾವ ತಿಥಿ ಇರುತ್ತದೋ ಅದೇ ದಿನದ ತಿಥಿ ಎಂಬುದು ಸಾಮಾನ್ಯ ನಿಯಮ. ಮಾರ್ಚ್ 19ರಂದು ಬೆಂಗಳೂರಿನಲ್ಲಿ ಸೂರ್ಯ ಹುಟ್ಟಿದಾಗ ಇನ್ನೂ ಅಮಾವಾಸ್ಯೆ. ಬೆಳಗ್ಗೆ 6.50 ದಾಟಿದ ಮೇಲೆ ಪಾಡ್ಯ ಹಿಡಿಯಿತು, ಮರುದಿನ ಸೂರ್ಯೋದಯಕ್ಕೆ ಮೊದಲೇ ಮುಗಿದೂ ಹೋಯಿತು. ಅಂದರೆ ಪಾಡ್ಯಕ್ಕೆ ಒಂದು ಸೂರ್ಯೋದಯವೂ ಸಿಗಲಿಲ್ಲ. ಇದು ಕ್ಷಯ ತಿಥಿ. ಹೀಗಾದಾಗ ತಿಥಿ ಯಾವ ದಿನ ಶುರುವಾಗಿ ಮುಗಿಯುತ್ತದೋ ಆ ದಿನವೇ ಆಚರಣೆ. ‘ಅಮಾವಾಸ್ಯೆಯ ದಿನ ಹಬ್ಬ ಬೇಡ, 20ಕ್ಕೆ ಮಾಡಿ’ ಎಂದು ಹಂಚಿಕೊಂಡವರು ಬಿದಿಗೆಯ ದಿನ ಯುಗಾದಿ ಮಾಡಿಸಲು ಹೊರಟಿದ್ದರು.

ಇನ್ನು ‘ಸೌರಮಾನ ಎಂದರೆ ತಮಿಳರದು’ ಎಂಬ ಮಾತು. ಕನ್ನಡ ನಾಡಿನೊಳಗೇ ತುಳುನಾಡಿಗೆ ಅಂದು ಬಿಸು, ಪಗ್ಗು ತಿಂಗಳ ಮೊದಲ ದಿನ, ಬೆಳಗ್ಗೆದ್ದು ಕಣಿ, ಅಂದರೆ ಜೋಡಿಸಿಟ್ಟ ಮಂಗಳ ವಸ್ತುಗಳನ್ನು, ನೋಡುವ ಹಬ್ಬ. ಕೊಡವರಿಗೆ ಅಂದು ಎಡಮ್ಯಾರ್ ಒಂದು, ಅಂದರೆ ಎಡಮ್ಯಾರ್ ತಿಂಗಳ ಮೊದಲ ದಿನ. ಉಡುಪಿ, ಮಂಗಳೂರು, ಮಡಿಕೇರಿಗಳನ್ನು ಒಂದೇ ಸಾಲಿನಲ್ಲಿ ಗಡಿಯಾಚೆ ಕಳಿಸುವುದು ಯಾವ ನ್ಯಾಯ? ಗಡಿಯಾಚೆಯೂ ತಮಿಳರ ಪುತ್ತಾಂಡು ಒಂದೇ ಅಲ್ಲ, ಕೇರಳದ ವಿಷು, ಅಸ್ಸಾಮಿನ ಬೊಹಾಗ್ ಬಿಹು, ಒಡಿಶಾದ ಪಣಾ ಸಂಕ್ರಾಂತಿ, ಬಂಗಾಳದ ಪೊಯ್ಲಾ ಬೊಯ್ಶಾಖ್, ಪಂಜಾಬಿನ ವೈಸಾಖಿ ಎಲ್ಲವೂ ಮೇಷ ಸಂಕ್ರಮಣವನ್ನೇ ಹಿಡಿದು ಬರುವಂಥವು.

ಒಂದೇ ಸಂಕ್ರಮಣವಾದರೆ ಒಂದು ಕಡೆ ಏಪ್ರಿಲ್ 14, ಇನ್ನೊಂದು ಕಡೆ 15 ಏಕೆ? ಸಂಕ್ರಮಣ ಒಂದು ಕ್ಷಣ, ಹಬ್ಬಕ್ಕೆ ಬೇಕಾಗಿರುವುದು ಒಂದು ದಿನ. ಆ ಕ್ಷಣವನ್ನು ಯಾವ ದಿನದ ಲೆಕ್ಕಕ್ಕೆ ಹಾಕಬೇಕೆಂಬ ನಿಯಮ ಸೀಮೆಗೊಂದು. ಒಡಿಶಾದಲ್ಲಿ ಸಂಕ್ರಮಣ ಆದ ದಿನವೇ ತಿಂಗಳ ಮೊದಲ ದಿನ. ತಮಿಳುನಾಡಿನಲ್ಲಿ ಸೂರ್ಯಾಸ್ತಕ್ಕೆ ಮೊದಲಾದರೆ ಅಂದೇ, ಆಮೇಲಾದರೆ ಮರುದಿನ. ಕೇರಳದಲ್ಲಿ ಹಗಲಿನ ಐದು ಭಾಗದಲ್ಲಿ ಮೂರು ಭಾಗ ಕಳೆಯುವುದರೊಳಗೆ ಆದರೆ ಅಂದು, ಇಲ್ಲವಾದರೆ ಮರುದಿನ. ಬಂಗಾಳದ ಸಂಪ್ರದಾಯದಲ್ಲಿ ನಡುರಾತ್ರಿಗೆ ಮೊದಲಾದರೆ ಮರುದಿನ, ನಂತರವಾದರೆ ಅದರ ಮರುದಿನ. ಸೂರ್ಯ 14ರ ಮಧ್ಯಾಹ್ನ ಮೂರು ಗಂಟೆಗೆ ಮೇಷಕ್ಕೆ ಬಂದ ಎಂದಿಟ್ಟುಕೊಳ್ಳಿ. ಹಗಲಿನ ಮೂರು ಭಾಗ ಒಂದೂವರೆಯ ಸುಮಾರಿಗೇ ಮುಗಿದಿರುತ್ತದೆ. ಒಡಿಶಾ, ತಮಿಳುನಾಡುಗಳಿಗೆ ತಿಂಗಳು 14ರಂದೇ ಹುಟ್ಟಿತು, ಕೇರಳ ಬಂಗಾಳಗಳಿಗೆ 15ರಂದು. ಪಂಚಾಂಗ ತಪ್ಪಾಗಿದೆ ಎಂದು ಯಾರನ್ನೂ ದೂರಬೇಕಾಗಿಲ್ಲ.

ವಿಷು, ಬಿಸು, ಒಡಿಯಾದ ‘ವಿಷುವ ಸಂಕ್ರಾಂತಿ’ ಈ ಹೆಸರುಗಳೆಲ್ಲ ‘ವಿಷುವ’ದಿಂದ ಬಂದವು. ಅಂದರೆ ಹಗಲೂ ಇರುಳೂ ಸಮನಾಗುವ ದಿನ. ಆ ದಿನ ಈಗ ಬರುವುದು ಮಾರ್ಚ್ 20-21ಕ್ಕೆ, ಹಬ್ಬ ಮಾತ್ರ ಏಪ್ರಿಲ್ 14ಕ್ಕೆ. ನಕ್ಷತ್ರಗಳನ್ನು ಗುರುತಾಗಿಟ್ಟುಕೊಂಡ ನಿರಯನ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. 72 ವರ್ಷಕ್ಕೆ ಒಂದು ದಿನದಂತೆ ಸರಿದು ಈಗ 24 ದಿನಗಳ ಅಂತರ ಬಿದ್ದಿದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಇದ್ದವು, ಹೆಸರು ಆಗಿನದು. ಆದ್ದರಿಂದ ‘ವಿಷುವಿನಂದು ಹಗಲು ರಾತ್ರಿ ಸಮ’ ಎಂದು ಮಕ್ಕಳಿಗೆ ಹೇಳಿಕೊಡುವುದನ್ನು ನಿಲ್ಲಿಸಬೇಕು.

ಈ ಅಂತರವನ್ನೂ ಸರಿಪಡಿಸಲು ಭೌತವಿಜ್ಞಾನಿ ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ಕೆಲಸ ಮಾಡಿತು. ಅದರ ಫಲವಾದ ರಾಷ್ಟ್ರೀಯ ಪಂಚಾಂಗ 1957ರ ಮಾರ್ಚ್ 22ರಿಂದ, ಶಕ 1879ರ ಚೈತ್ರ 1ರಿಂದ, ಜಾರಿಗೆ ಬಂತು. ಅದರ ಚೈತ್ರ 1 ಯಾವಾಗಲೂ ಮಾರ್ಚ್ 22, ಲೀಪ್ ವರ್ಷದಲ್ಲಿ ಮಾತ್ರ ಮಾರ್ಚ್ 21. ‘ಭಾರತ ಸರ್ಕಾರದ ಅಧಿಕೃತ ಹೊಸ ವರ್ಷ ಯುಗಾದಿ’ ಎಂಬ ಸಂದೇಶ ಇಲ್ಲಿಗೆ ಬಿದ್ದುಹೋಗುತ್ತದೆ. 2023ರಲ್ಲಿ ಯುಗಾದಿಯೂ ಮಾರ್ಚ್ 22ಕ್ಕೇ ಬಂದದ್ದು ಕಾಕತಾಳೀಯ.

‘ಸಮಸ್ತ ಹಿಂದೂಗಳ ಹೊಸ ವರ್ಷ’ಕ್ಕೆ ಬರೋಣ. ಚೈತ್ರ ಶುದ್ಧ ಪಾಡ್ಯವನ್ನು ಹಿಡಿದವರು ಕನ್ನಡಿಗರು, ತೆಲುಗರು, ಮರಾಠಿಗರು, ಕೊಂಕಣಿಗರು. ನವರೇಹ್ ಆಚರಿಸುವ ಕಾಶ್ಮೀರಿ ಪಂಡಿತರು, ಚೈರಾಓಬಾ ಆಚರಿಸುವ ಮಣಿಪುರದ ಮೈತೇಯಿಗಳೂ ಇದ್ದಾರೆ. ಗುಜರಾತಿಗೆ ಹೊಸ ವರ್ಷ ದೀಪಾವಳಿಯ ಮರುದಿನ, ಕಾರ್ತಿಕ ಶುದ್ಧ ಪಾಡ್ಯ. ವಿಷು ಆಚರಿಸುವ ಕೇರಳದಲ್ಲೇ ಕೊಲ್ಲಂ ವರ್ಷ ಬದಲಾಗುವುದು ಆಗಸ್ಟ್‌ನ ಚಿಂಗಂ ತಿಂಗಳಲ್ಲಿ. ಉತ್ತರ ಭಾರತದಲ್ಲಿ ಹೋಳಿ ಹುಣ್ಣಿಮೆಯ ಮರುದಿನವೇ ಚೈತ್ರ ಮಾಸ ಶುರು, ಆದರೆ ವಿಕ್ರಮ ಸಂವತ್ ಬದಲಾಗುವುದು ಹದಿನೈದು ದಿನದ ಮೇಲೆ, ತಿಂಗಳ ನಡುವೆ. ವೈಸಾಖಿಯನ್ನು ‘ಸಿಖ್ಖರ ಹೊಸ ವರ್ಷ’ ಎನ್ನುವುದೂ ಪೂರ್ತಿ ಸರಿಯಲ್ಲ. ಅವರಿಗೆ ಅದು 1699ರಲ್ಲಿ ಖಾಲ್ಸಾ ಸ್ಥಾಪನೆಯಾದ ದಿನವಾಗಿ ದೊಡ್ಡದು, ನಾನಕ್‌ಶಾಹಿ ಕ್ಯಾಲೆಂಡರಿನ ಮೊದಲ ತಿಂಗಳು ಚೇತ್ ಮಾರ್ಚ್ 14ಕ್ಕೇ ಶುರುವಾಗಿರುತ್ತದೆ.

ಅಪ್ಪಟ ಚಾಂದ್ರಮಾನ ನೋಡಬೇಕೆಂದರೆ ಮುಸ್ಲಿಮರ ಹಿಜರಿ ಕ್ಯಾಲೆಂಡರ್ ನೋಡಿ. ಅಲ್ಲಿ ಅಧಿಕ ಮಾಸವಿಲ್ಲ, ಹಬ್ಬಗಳು ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. 2024ರಲ್ಲಿ ಯುಗಾದಿ ಏಪ್ರಿಲ್ 9, ರಂಜಾನ್ ಏಪ್ರಿಲ್ 11. 2025ರಲ್ಲಿ ಮಾರ್ಚ್ 30 ಮತ್ತು 31. 2026ರಲ್ಲೂ ಎರಡೂ ಒಂದೇ ವಾರ. ಯುಗಾದಿ ಮುಗಿಸಿ ಸಂಜೆ ಪಡುವಣದಲ್ಲಿ ಹುಡುಕುವ ಬಿದಿಗೆಯ ಚಂದ್ರನೂ ಈದ್ ಚಂದ್ರನೂ ಒಬ್ಬನೇ. ಅಧಿಕ ಜ್ಯೇಷ್ಠ ಬಂದ ಮೇಲೆ ದಾರಿ ಬೇರೆ: 2027ರಲ್ಲಿ ರಂಜಾನ್ ಮಾರ್ಚ್ 10ರ ಆಸುಪಾಸು, ಯುಗಾದಿ ಏಪ್ರಿಲ್ 7.

ರಜೆಯ ವಿಷಯ ಚಿಕ್ಕದು. ಕರ್ನಾಟಕದಲ್ಲಿ ಸಾರ್ವತ್ರಿಕ ರಜೆ ಇರುವುದು ಚಾಂದ್ರಮಾನ ಯುಗಾದಿಗೆ. ಏಪ್ರಿಲ್ 14ರ ರಜೆ 1891ರಲ್ಲಿ ಅಂದು ಹುಟ್ಟಿದ ಡಾ. ಅಂಬೇಡ್ಕರ್ ಅವರ ಜಯಂತಿಗೆ, ಅದು ಕದಲುವುದಿಲ್ಲ. ಬಿಸು ಕಣಿ 15ಕ್ಕೆ ಬಿದ್ದ ವರ್ಷ ಕರಾವಳಿಯ ನೌಕರರು ಬೇರೆ ರಜೆ ಹಾಕಬೇಕಾಗುತ್ತದೆ, ಮೊದಲೇ ಕ್ಯಾಲೆಂಡರ್ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಶುಭಾಶಯ ಪತ್ರಗಳಲ್ಲಿ ಅಚ್ಚಾಗುವ ಬೇವಿನ ಶ್ಲೋಕದ ಬಗ್ಗೆ ಒಂದು ಮಾತು ಹೇಳದೆ ಬಿಡಲಾಗದು. ‘ಶತಾಯುರ್ವಜ್ರದೇಹಾಯ ಸರ್ವಸಂಪತ್ಕರಾಯ ಚ, ಸರ್ವಾರಿಷ್ಟವಿನಾಶಾಯ ನಿಂಬಕಂದಲಭಕ್ಷಣಂ’. ಕೊನೆಯದನ್ನು ‘ನಿಂಬಕಂ ದಳಭಕ್ಷಣಂ’ ಎಂದು ಒಡೆದು ಅಚ್ಚು ಮಾಡುತ್ತಾರೆ. ಆಗ ವ್ಯಾಕರಣವೂ ಕೂಡುವುದಿಲ್ಲ, ಅರ್ಥವೂ ಕೂಡುವುದಿಲ್ಲ. ನಿಂಬ, ಕಂದಲ ಎಂದು ಬಿಡಿಸಿ. ಕಂದಲ ಎಂದರೆ ಎಳೆ ಚಿಗುರು. ಕೆಂಪು ಛಾಯೆ ಇನ್ನೂ ಇರುವ ಕುಡಿಯನ್ನು ಕಿತ್ತು, ಹೂವಿನ ತೊಟ್ಟು ಬಿಡಿಸಿ, ಒಂದು ಚಿಟಿಕೆಯಷ್ಟು ಬೆಲ್ಲದ ಪುಡಿಯೊಂದಿಗೆ ಬೆರೆಸಬೇಕು. ಬಲಿತ ಹಸಿರೆಲೆ ಹಾಕಿದರೆ ನಾರು ಹಲ್ಲಿಗೆ ಸಿಗುತ್ತದೆ, ಕಹಿ ಗಂಟಲಲ್ಲೇ ನಿಲ್ಲುತ್ತದೆ, ಮಕ್ಕಳು ಮರುವರ್ಷ ಬೆಲ್ಲವನ್ನಷ್ಟೇ ಆರಿಸಿ ತಿನ್ನುತ್ತಾರೆ.