ನಲ್ಲಿಯ ನೀರು ಬಂದ ದಾರಿ

ನೀರು ಸರಬರಾಜಿನ ಕೆಲಸ ನನ್ನದೆಂದು ತಿಳಿದೊಡನೆ ಜನ ಕೇಳುವುದು ಒಂದೇ ಪ್ರಶ್ನೆ: ನಮ್ಮ ಮನೆಯ ನೀರು ಎಲ್ಲಿಯದು? ನದಿ, ಕೆರೆ, ಜಲಾಶಯ, ಕೊಳವೆಬಾವಿ. ಕೆಲವೆಡೆ ಉಪ್ಪು ತೆಗೆದ ಸಮುದ್ರದ ನೀರು. ಉತ್ತರ ಅಲ್ಲಿಗೆ ಮುಗಿಯಿತು. ಅದು ಯಾವ ದಾರಿಯಲ್ಲಿ ಬಂತೆಂದು ಮಾತ್ರ ಯಾರೂ ಕೇಳುವುದಿಲ್ಲ.

ಮೂಲ ಕೆಟ್ಟಿದ್ದರೂ ನೀರು ಕೆಡಬೇಕೆಂದಿಲ್ಲ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾಲರಾ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ನಗರ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿಯುತ್ತಿತ್ತು. ಪಕ್ಕದ ಆಲ್ಟೊನಾ ಪಟ್ಟಣ ಅದೇ ನದಿಯ ಕೆಳಹರಿವಿನಿಂದ, ಅಂದರೆ ಹ್ಯಾಂಬರ್ಗ್‌ನ ಕೊಳಚೆ ಸೇರಿದ ಮೇಲೆ, ನೀರೆತ್ತುತ್ತಿತ್ತು. ಆದರೆ ಮರಳಿನ ಹಾಸಿನಲ್ಲಿ ಸೋಸುತ್ತಿತ್ತು, ಬಹುಮಟ್ಟಿಗೆ ಬಚಾವಾಯಿತು.

ಇಂದು ಸೋಸುವ ಮೊದಲು ಪಟಿಕ ಬೆರೆಸುತ್ತೇವೆ. ರಾಡಿಯ ಸೂಕ್ಷ್ಮ ಕಣಗಳೆಲ್ಲ ಋಣ ವಿದ್ಯುದಂಶ ಹೊತ್ತು ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ. ಪಟಿಕ ಬಿದ್ದರೆ ಅವು ಒಂದಕ್ಕೊಂದು ಅಂಟಿ, ಹಿಂಜಿದ ಹತ್ತಿಯಂತೆ ಗುಂಪುಗೂಡಿ ತಳಕ್ಕಿಳಿಯುತ್ತವೆ. ಉಳಿದದ್ದನ್ನು ಮರಳು ಹಿಡಿಯುತ್ತದೆ. ಕೊನೆಗೆ ರೋಗಾಣು ಕೊಲ್ಲುವ ಕ್ಲೋರಿನ್. ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದರ ವಾಸನೆಗೆ ಜನ ಮೂಗು ಮುರಿಯುತ್ತಾರೆ. ನನಗಂತೂ ಆ ತೆಳು ವಾಸನೆ ಸಿಕ್ಕರೆ ನೆಮ್ಮದಿ.

ಇಷ್ಟೆಲ್ಲ ಆದ ನೀರು ಕೆಡುವುದು ಕೊಳವೆಯಲ್ಲಿ. ಎತ್ತರದ ತೊಟ್ಟಿಯಿಂದ ಇಳಿಯುವ ನೀರಿಗೆ ಪ್ರತಿ ಹತ್ತು ಮೀಟರಿಗೆ ಸುಮಾರು ಒಂದು ವಾತಾವರಣದಷ್ಟು, ಅಂದರೆ ಗಾಳಿ ನಮ್ಮ ಮೇಲೆ ಹೇರುವಷ್ಟು, ಒತ್ತಡ ಬರುತ್ತದೆ. ಒತ್ತಡವಿರುವ ತನಕ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ನಷ್ಟ ನಿಜ, ಆದರೆ ಹೊರಗಿನದು ಒಳಗೆ ಬಾರದು. ವಾಲ್ವ್ ಮುಚ್ಚಿ ಕೊಳವೆ ಬರಿದಾಗತೊಡಗಿದರೆ ಅದೇ ಬಿರುಕು ಸುತ್ತಲಿನ ತೇವವನ್ನು ಹೀರಿಕೊಳ್ಳುತ್ತದೆ. ಒಮ್ಮೆ ಒಂದೇ ಬೀದಿಯಿಂದ ದುರ್ವಾಸನೆಯ ದೂರು ಬಂತು. ಶುದ್ಧೀಕರಣ ಘಟಕದ ಮಾದರಿಗಳಲ್ಲಿ ಯಾವ ದೋಷವೂ ಇರಲಿಲ್ಲ. ಎರಡು ದಿನ ಅಗೆದ ಮೇಲೆ ಚರಂಡಿಯ ಅಡಿಯಲ್ಲಿ ಹಾದುಹೋಗಿದ್ದ ಕೊಳವೆಯ ಸಡಿಲ ಜೋಡಣೆ ಸಿಕ್ಕಿತು. ಹಾಗಾಗಿ ದಿನಕ್ಕೆ ಕೆಲವೇ ಗಂಟೆ ನೀರು ಬಿಡುವುದನ್ನು ಉಳಿತಾಯ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ನೀರು ಹಾಲಿನಂತೆ ಬೆಳ್ಳಗೆ ಬಂದರೆ ಗಾಜಿನ ಲೋಟದಲ್ಲಿ ಹಿಡಿದಿಡಿ. ಕೆಳಗಿನಿಂದ ಮೇಲಕ್ಕೆ ತಿಳಿಯಾದರೆ ಅದು ಗಾಳಿಯ ಗುಳ್ಳೆ, ತೊಂದರೆಯಿಲ್ಲ. ಕಂದು ಬಣ್ಣದ್ದು ತಳದಲ್ಲಿ ನಿಂತರೆ ಬಹುಶಃ ಕೊಳವೆಯ ತುಕ್ಕು. ಸ್ವಲ್ಪ ಹೊತ್ತು ಹರಿಯಬಿಡಿ. ಚರಂಡಿಯ ವಾಸನೆ ಬಂದರೆ ಮಾತ್ರ ಲೋಟವೂ ಬೇಡ, ಕಾಯುವುದೂ ಬೇಡ. ಕುಡಿಯುವುದನ್ನು ನಿಲ್ಲಿಸಿ ಕೂಡಲೇ ದೂರು ಕೊಡಿ, ನೀರು ಬಿಟ್ಟ ಎಷ್ಟು ಹೊತ್ತಿಗೆ ವಾಸನೆ ಬಂತೆಂಬುದನ್ನೂ ತಿಳಿಸಿ. ಎಲ್ಲಿ ಅಗೆಯಬೇಕೆಂದು ನಮಗೆ ಸುಳಿವು ಸಿಗುವುದು ಅದರಿಂದಲೇ.