ಆಷಾಢದ ಗಾಳಿ ಘಟ್ಟ ಹತ್ತುವ ಲೆಕ್ಕ

ಮಣ್ಣೆತ್ತಿನ ಅಮಾವಾಸ್ಯೆ ಕಳೆಯಿತೆಂದರೆ ವಿಜಯಪುರದ ಬಯಲಿನಲ್ಲಿ ಗಾಳಿಯದೇ ಕಾರುಬಾರು. ಪಡುವಣದಿಂದ ಒಂದೇ ಸಮನೆ ಬೀಸುತ್ತದೆ, ತಗಡಿನ ಚಾವಣಿಗಳನ್ನು ನಡುಗಿಸುತ್ತದೆ, ಮೋಡಗಳನ್ನು ತಲೆಯ ಮೇಲಿಂದಲೇ ಅಟ್ಟಿಕೊಂಡು ಹೋಗುತ್ತದೆ. ಮಳೆ ಮಾತ್ರ ಅಪರೂಪ. ಕಾರಣ ಕೇಳಿದರೆ ಶಾಲೆಯಲ್ಲಿ ಕಲಿತ ಉತ್ತರ ಎಲ್ಲರ ಬಾಯಲ್ಲೂ ಸಿದ್ಧ: ಸಹ್ಯಾದ್ರಿ ಮಳೆಗಾಳಿಯನ್ನು ತಡೆಯುತ್ತದೆ, ನಾವು ಮಳೆನೆರಳಿನಲ್ಲಿದ್ದೇವೆ.

ಮಳೆನೆರಳು ನಿಜ, ತಡೆಯುವ ಮಾತಿಗೆ ನನ್ನ ತಕರಾರಿದೆ. ಬೆಟ್ಟ ಗಾಳಿಯನ್ನು ತಡೆದು ನಿಲ್ಲಿಸಿದ್ದರೆ ಆಷಾಢದಲ್ಲಿ ಇಲ್ಲಿ ಬೀಸುತ್ತಿರುವುದೇನು? ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದಲ್ಲ, ಗಾಳಿ ಘಟ್ಟ ಹತ್ತಿದ್ದಕ್ಕೆ ಅದೇ ಸಾಕ್ಷಿ. ಹತ್ತುವಾಗ ತಣಿದು ನೀರು ಕಳೆದುಕೊಳ್ಳುತ್ತದೆ, ಇಳಿಯುವಾಗ ಕಾದು ಒಣಗುತ್ತದೆ. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆಯ ವಿಜಯಪುರಕ್ಕೆ ಬರುವುದು ಹಾಗೆ ಒಣಗಿದ ಗಾಳಿಯೇ.

ಹಾಗಾದರೆ ಬೆಟ್ಟ ನಿಜಕ್ಕೂ ಗಾಳಿಯನ್ನು ತಡೆಯುವುದು ಯಾವಾಗ?

ವಾತಾವರಣ ಪದರ ಪದರವಾಗಿದೆ. ಮೇಲೇರಿದಂತೆ ಸರಾಸರಿ ಕಿಲೋಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪು ಹೆಚ್ಚುತ್ತದೆ. ಆದರೆ ಒಣಗಾಳಿಯ ಒಂದು ತುಣುಕನ್ನು ಮೇಲಕ್ಕೆ ತಳ್ಳಿದರೆ ಅದು ಹಿಗ್ಗಿ, ಕಿಲೋಮೀಟರಿಗೆ 9.8 ಡಿಗ್ರಿಯಷ್ಟು ತಣಿಯುತ್ತದೆ. ಸುತ್ತಲಿನ ಗಾಳಿಗಿಂತ ತಣ್ಣಗಾಗಿ, ಭಾರವಾಗಿ ಕೆಳಗಿಳಿಯುತ್ತದೆ. ಇಳಿಯುವ ಭರದಲ್ಲಿ ಮೊದಲಿನ ಜಾಗವನ್ನೂ ದಾಟಿ, ಬೆಚ್ಚಗಾಗಿ ಮತ್ತೆ ಏರುತ್ತದೆ. ಈ ಏರಿಳಿತದ ಒಂದು ಸುತ್ತಿಗೆ ಹತ್ತು ನಿಮಿಷಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಅದನ್ನು ಅಳೆಯುವ ಸಂಖ್ಯೆಗೆ ಬ್ರಿಟನ್ನಿನ ಡೇವಿಡ್ ಬ್ರಂಟ್ ಮತ್ತು ಫಿನ್‌ಲೆಂಡಿನ ವಿಲ್ಹೊ ವೈಸಾಲಾ ಅವರ ಹೆಸರುಗಳಿವೆ. 1920ರ ದಶಕದಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಅದನ್ನು ಕಂಡುಕೊಂಡರು. ಸಾಮಾನ್ಯವಾಗಿ ಅದರ ಬೆಲೆ ಸೆಕೆಂಡಿಗೆ 0.01. ಪದರಗಳು ಬಿಗಿಯಾದಷ್ಟೂ ಸಂಖ್ಯೆ ದೊಡ್ಡದಾಗುತ್ತದೆ.

ಗಾಳಿಯ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಒಂದು ಎತ್ತರ ಸಿಗುತ್ತದೆ. ಗಾಳಿ ತನ್ನ ಚಲನಶಕ್ತಿಯನ್ನೆಲ್ಲ ಖರ್ಚು ಮಾಡಿದರೆ ಅಷ್ಟು ಏರಬಲ್ಲದು. ಸೆಕೆಂಡಿಗೆ 10 ಮೀಟರ್ ವೇಗಕ್ಕೆ 1,000 ಮೀಟರ್. ಕಣಕುಂಬಿಯ ಬಳಿ ಘಟ್ಟ ಸುಮಾರು 800 ಮೀಟರ್, ಆದ್ದರಿಂದ ದಾಟುತ್ತದೆ. ವೇಗ ಅರ್ಧಕ್ಕಿಳಿದರೆ? ನೆತ್ತಿಯಿಂದ ಕೆಳಗಿನ 500 ಮೀಟರ್ ದಪ್ಪದ ಪದರ ಮಾತ್ರ ದಾಟುತ್ತದೆ. ಬುಡದ 300 ಮೀಟರಿನ ಗಾಳಿ ಅಲ್ಲೇ ತಂಗುತ್ತದೆ, ಇಲ್ಲವೇ ಪಕ್ಕಕ್ಕೆ ಹೊರಳುತ್ತದೆ. ಹಂಟ್ ಮತ್ತು ಸ್ನೈಡರ್ ಎಂಬ ವಿಜ್ಞಾನಿಗಳು ಉಪ್ಪುನೀರಿನ ಪದರಗಳಿದ್ದ ತೊಟ್ಟಿಯಲ್ಲಿ ಗುಡ್ಡದ ಮಾದರಿಯನ್ನು ಎಳೆದು ನೋಡಿ, ಈ ಸರಳ ಲೆಕ್ಕ ಬಹಳಮಟ್ಟಿಗೆ ಸರಿಯೆಂದು 1980ರಲ್ಲಿ ತೋರಿಸಿದರು.

ಒಂಟಿ ಗುಡ್ಡವನ್ನು ಗಾಳಿ ಬಳಸಿ ಹೋಗಬಹುದು. ಚಳಿಗಾಲದ ಮುಂಜಾನೆ ನೆಲ ತಣ್ಣಗಾಗಿ ಆ ಸಂಖ್ಯೆ 0.02ಕ್ಕೇರಿ, ಗಾಳಿ ಸೆಕೆಂಡಿಗೆ 2 ಮೀಟರಿಗಿಳಿದರೆ ಏರುವ ತಾಕತ್ತು ಬರೀ 100 ಮೀಟರ್. ಮಹಾಲಿಂಗಪುರದ ಕಡೆ ಬೆಲ್ಲದ ಗಾಣಗಳ ಹೊಗೆ ಚಾಪೆ ಹಾಸಿದಂತೆ ಹೊಲಗಳ ಮೇಲೆ ಮಲಗುವುದು ಇಂಥ ಮುಂಜಾನೆಗಳಲ್ಲೇ. ಆಗ ಬಾದಾಮಿಯಂಥ ಊರಿನ ಬಂಡೆಗುಡ್ಡವೂ ಗಾಳಿಯ ಪಾಲಿಗೆ ದೊಡ್ಡ ಪರ್ವತ.

1,600 ಕಿ.ಮೀ. ಉದ್ದದ ಸಹ್ಯಾದ್ರಿಯನ್ನು ಬಳಸಿ ಹೋಗುವುದು ಅಷ್ಟು ಸುಲಭವಲ್ಲ. ಅಲ್ಲಿ ಭೂಮಿಯ ತಿರುಗುವಿಕೆಯೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಅಕ್ಷಾಂಶದಲ್ಲಿ 800 ಮೀಟರಿನ ಬೆಟ್ಟಸಾಲಿನ ಪ್ರಭಾವ ಸುಮಾರು 200 ಕಿ.ಮೀ. ದೂರಕ್ಕೆ, ಅಂದರೆ ಅರಬ್ಬಿ ಸಮುದ್ರದ ಒಳಗೆ ಚಾಚುತ್ತದೆ. 1979ರ ‘ಮೊನೆಕ್ಸ್’ ಮಾನ್ಸೂನ್ ಪ್ರಯೋಗದ ಅಳತೆಗಳನ್ನು ಆಧರಿಸಿ ಗ್ರಾಸ್‌ಮನ್ ಮತ್ತು ಡರಾನ್ 1984ರಲ್ಲಿ ಹೇಳಿದ್ದು ಇದನ್ನೇ: ಗಾಳಿ ಕಡಲಿನ ಮೇಲೇ ನಿಧಾನವಾಗಿ ಏರತೊಡಗುತ್ತದೆ, ಮಳೆಯೂ ಅಲ್ಲೇ ಶುರುವಾಗುತ್ತದೆ. ಕಡಲಿನ ಮೇಲ್ಮೈಯಿಂದ ಬರುವ ಶಾಖ ಮತ್ತು ತೇವವನ್ನೂ ಸೇರಿಸಬೇಕೆಂದು ನಂತರದವರು ತಿದ್ದಿದರು. ಹೇಗೂ, ಬೆಟ್ಟದ ತಡೆ ಬಲವಾದಷ್ಟೂ ಮಳೆ ಕಡಲಿನತ್ತ ಸರಿಯುತ್ತದೆ. ಕಣಕುಂಬಿಗೆ ಹೆಚ್ಚು ಸಿಗುವುದು ತಡೆ ಸಡಿಲವಾದಾಗ.

ಅದನ್ನು ಸಡಿಲಿಸುವುದು ತೇವ. ಆವಿ ಹನಿಯಾಗುವಾಗ ಶಾಖ ಬಿಡುವುದರಿಂದ, ಆರ್ದ್ರತೆ ತುಂಬಿದ ಗಾಳಿ ಏರುವಾಗ ಕಿಲೋಮೀಟರಿಗೆ 4ರಿಂದ 5 ಡಿಗ್ರಿಯಷ್ಟೇ ತಣಿಯುತ್ತದೆ. ಸುತ್ತಲಿನದಕ್ಕಿಂತ ಬೆಚ್ಚಗಿರುವ ಅದನ್ನು ಕೆಳಗೆಳೆಯುವವರೇ ಇಲ್ಲ. ಅದೇ ಬೆಟ್ಟ, ಅದೇ ವೇಗ. ಒಣಗಾಳಿ ಬುಡದಲ್ಲಿ ಏದುಸಿರು ಬಿಟ್ಟರೆ ತೇವದ ಗಾಳಿ ಸರಾಗವಾಗಿ ಹತ್ತಿಬಿಡುತ್ತದೆ. ಬೆಟ್ಟದ ಎತ್ತರವೊಂದನ್ನೇ ನೋಡಿ ಏನನ್ನೂ ಹೇಳಲಾಗದು.

ಹವಾಮಾನ ಮುನ್ಸೂಚನೆಗೆ ಬಳಸುವ ಕಂಪ್ಯೂಟರ್ ಮಾದರಿಗಳ ಫಜೀತಿ ಬೇರೆ. ಅವು ನೆಲವನ್ನು ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕಕ್ಕೆ ಸರಾಸರಿ ಎತ್ತರ ಹಿಡಿಯುತ್ತವೆ. 12 ಕಿ.ಮೀ. ಚೌಕದಲ್ಲಿ ಘಟ್ಟದ ಕಡಿದಾದ ಮುಖ ಸವೆದು ಇಳಿಜಾರಾಗುತ್ತದೆ. ಹಾಗೆ ಕಳೆದುಹೋದ ಗುಡ್ಡಗಳು ಗಾಳಿಗೆ ಒಡ್ಡುವ ತಡೆಯನ್ನು ಮೇಲಿನ ಭಾಗಾಕಾರದಿಂದಲೇ ಅಂದಾಜಿಸಿ ಸೇರಿಸುವ ದಾರಿಯನ್ನು ಲಾಟ್ ಮತ್ತು ಮಿಲ್ಲರ್ 1997ರಲ್ಲಿ ತೋರಿಸಿದರು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ, 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ನಲ್ಲಿ ಚೌಕ 6 ಕಿ.ಮೀ.ಗೆ ಇಳಿದಿದೆ.

ಕೆಲವೇ ಕಿಲೋಮೀಟರುಗಳ ಈ ವ್ಯತ್ಯಾಸ ನಮ್ಮ ಕಡೆಯವರಿಗೆ ಚಿಕ್ಕದಲ್ಲ. ನೆತ್ತಿಯ ಆಚೆ ಬಿದ್ದ ಮಳೆ ಕೊಂಕಣಕ್ಕಿಳಿದು ಕಡಲು ಸೇರುತ್ತದೆ. ಈಚೆ ಬಿದ್ದದ್ದು ಕೃಷ್ಣೆ, ಘಟಪ್ರಭೆಗಳಲ್ಲಿ ಹರಿದು ಆಲಮಟ್ಟಿಗೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳನ್ನು ಮುಳುಗಿಸಿದ ನೀರಿನಲ್ಲಿ ಘಟ್ಟದ ಪಾಲು ದೊಡ್ಡದಿತ್ತು. ಅಣೆಕಟ್ಟೆಯ ಗೇಟುಗಳನ್ನು ಎಷ್ಟು ಎತ್ತಬೇಕೆಂದು ತೀರ್ಮಾನಿಸುವವರಿಗೆ ಘಟ್ಟದಲ್ಲಿ ಭಾರಿ ಮಳೆ ಎಂಬ ಮುನ್ಸೂಚನೆ ಸಾಲದು. ನೆತ್ತಿಯ ಯಾವ ಮಗ್ಗುಲಿಗೆ ಎಂಬುದೂ ಮೊದಲೇ ಗೊತ್ತಾಗಬೇಕು.