ಎಕ್ಸ್‌ಪ್ರೆಸ್ ಇಂಜಿನ್ನಿಗೆ ಗೂಡ್ಸ್ ಕಟ್ಟಿದಾಗ

ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆ 1944ರಲ್ಲಿ 844ನೇ ನಂಬರಿನ ಉಗಿ ಇಂಜಿನ್ ತರಿಸಿಕೊಂಡಿದ್ದು ವೇಗದ ಪ್ಯಾಸೆಂಜರ್ ರೈಲುಗಳಿಗೆ. ಆ ಕೆಲಸಕ್ಕೆ ಡೀಸೆಲ್ ಬಂತು. 1957ರಿಂದ 1959ರವರೆಗೆ 844 ಅಲ್ಲಿನ ನೆಬ್ರಾಸ್ಕಾ ರಾಜ್ಯದಲ್ಲಿ ಗೂಡ್ಸ್ ಎಳೆಯಿತು. ಅಷ್ಟು ದೊಡ್ಡ ಇಂಜಿನ್ ಅಲ್ವಾ, ಯಾವ ಗಾಡಿ ಕಟ್ಟಿದರೇನು ಎಂದು ಹಲವರು ಕೇಳುತ್ತಾರೆ. ಚಕ್ರದ ವಿಚಾರ ಬರುವುದೇ ಅಲ್ಲಿ.

844ರ ಎಳೆಯುವ ಚಕ್ರದ ಅಡ್ಡಳತೆ 80 ಇಂಚು. ಆರಡಿ ಆಳು ಪಕ್ಕ ನಿಂತರೆ ಚಕ್ರವೇ ಎತ್ತರ. ಒಂದು ಸುತ್ತಿಗೆ ಇಂಜಿನ್ ಆರು ಮೀಟರಿಗಿಂತ ಜಾಸ್ತಿ ಮುಂದೆ ಹೋಗುತ್ತದೆ, ಓಟಕ್ಕೆ ಒಳ್ಳೆಯದು. ಆದರೆ ಅದೇ ಉಗಿ, ಅದೇ ಸಿಲಿಂಡರ್ ಇಟ್ಟುಕೊಂಡು 63 ಇಂಚಿನ ಚಕ್ರಕ್ಕೆ ಲೆಕ್ಕ ಹಾಕಿ ನೋಡಿ. ಹೊರಡುವಾಗಿನ ಎಳೆತ, ಅಂದರೆ ಎಳೆಯುವ ಬಲ, ಸುಮಾರು 29 ಟನ್ ಇದ್ದದ್ದು 37 ಟನ್ ಹತ್ತಿರ ಬರುತ್ತದೆ. ಬಾಯ್ಲರಿನಲ್ಲಿ ಎಷ್ಟೇ ಉಗಿ ಇರಲಿ, ನಿಂತ ಗೂಡ್ಸನ್ನು ಕದಲಿಸುವುದೇ ದೊಡ್ಡ ಚಕ್ರಕ್ಕೆ ಕಷ್ಟ.

ಡ್ರೈವರ್ ಕೈಗುಣ ಗೊತ್ತಾಗುವುದು ಆ ಹೊತ್ತಿನಲ್ಲೇ. ಮೊದಲು ಇಂಜಿನ್ನನ್ನು ಒಂಚೂರು ಹಿಂದಕ್ಕೆ ಸರಿಸಿ, ವ್ಯಾಗನ್ ಜೋಡಿಸುವ ಕೊಂಡಿಗಳಾದ ಕಪ್ಲಿಂಗ್‌ಗಳನ್ನು ಸಡಿಲ ಮಾಡಿಕೊಳ್ಳಬೇಕು. ಆಮೇಲೆ ಎಳೆದರೆ ವ್ಯಾಗನ್‌ಗಳು ಒಂದರ ಹಿಂದೆ ಒಂದು ಕದಲುತ್ತವೆ, ಇಡೀ ಭಾರ ಒಮ್ಮೆಲೇ ಬೀಳುವುದಿಲ್ಲ. ಜೋರಾಗಿ ಎಳೆದರೆ ಕಪ್ಲಿಂಗ್ ಕಿತ್ತುಬರಬಹುದು. ಚಕ್ರ ಜಾರದಂತೆ ಹಳಿಗೆ ಮರಳು ಬಿಡುತ್ತಾ, ಸಿಲಿಂಡರಿಗೆ ಉಗಿ ಬಿಡುವ ರೆಗ್ಯುಲೇಟರನ್ನು ಸ್ವಲ್ಪ ಸ್ವಲ್ಪವೇ ತೆರೆಯಬೇಕು. ಅವಸರ ಮಾಡಿದರೆ ಚಕ್ರ ನಿಂತಲ್ಲೇ ಗರಗರ ಸುತ್ತುತ್ತದೆ. ತಕ್ಷಣ ಉಗಿ ಮುಚ್ಚದಿದ್ದರೆ ಹಳಿಯೂ ಹಾಳು, ಚಕ್ರವೂ ಹಾಳು.

ಅದಕ್ಕೇ ನೆಬ್ರಾಸ್ಕಾ ಈ ಇಂಜಿನ್ನಿಗೆ ಸರಿಯಾದ ಜಾಗ ಎನ್ನುತ್ತೇನೆ. ಪ್ಲಾಟ್ ನದಿಯ ಬಯಲಿನಲ್ಲಿ ದಾರಿ ಹೆಚ್ಚುಕಮ್ಮಿ ಸಮತಟ್ಟು. ಗಾಡಿ ಒಮ್ಮೆ ವೇಗ ಹಿಡಿದರೆ ಸಾಕು, ಮುಂದಿನದು ದೊಡ್ಡ ಚಕ್ರಕ್ಕೆ ಸಲೀಸು. ಏರು ಹತ್ತಿಸಲು ಅದೇ ರೈಲ್ವೆಯಲ್ಲಿ ಬಿಗ್ ಬಾಯ್ ಇಂಜಿನ್‌ಗಳಿದ್ದವು: 68 ಇಂಚಿನ ಚಕ್ರ, ಸುಮಾರು 61 ಟನ್ ಎಳೆತ. ಸಂತೋಷದ ಸಂಗತಿ ಎಂದರೆ 844 ಗುಜರಿಗೆ ಹೋಗಲಿಲ್ಲ. 1960ರಲ್ಲಿ ಅದನ್ನು ವಿಶೇಷ ರೈಲುಗಳಿಗೆಂದು ಉಳಿಸಿಕೊಂಡರು.

ನಮ್ಮ ಬ್ರಾಡ್‌ಗೇಜಿನಲ್ಲೂ ಉಗಿ ಇಂಜಿನ್ ಕಾಲದಲ್ಲಿ ಇದೇ ಲೆಕ್ಕ ಇತ್ತು. ಪ್ಯಾಸೆಂಜರಿನ ಡಬ್ಲ್ಯೂಪಿ, ಗೂಡ್ಸಿನ ಡಬ್ಲ್ಯೂಜಿ ಎಂಬ ಎರಡೂ ಬಗೆಯ ಇಂಜಿನ್ನಿಗೆ ಬಾಯ್ಲರ್ ಒಂದೇ ನಮೂನೆ. ಡಬ್ಲ್ಯೂಜಿಗೆ ಚಕ್ರವನ್ನು 67 ಇಂಚಿನಿಂದ 61.5ಕ್ಕೆ ಇಳಿಸಿದರು, ಸಿಲಿಂಡರ್ ದಪ್ಪ ಮಾಡಿದರು, ಎಳೆಯುವ ಚಕ್ರ ಆರಿದ್ದದ್ದನ್ನು ಎಂಟು ಮಾಡಿದರು. ಸುಮಾರು 14 ಟನ್ ಇದ್ದ ಎಳೆತ 17.5 ಟನ್ ದಾಟಿತು. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಪ್ಯಾಸೆಂಜರಿಗೆ ಡಬ್ಲ್ಯೂಜಿ ಕಟ್ಟಿದರೆ ಏನೂ ತೊಂದರೆ ಇರಲಿಲ್ಲ. ಭಾರಿ ಗೂಡ್ಸಿಗೆ ಡಬ್ಲ್ಯೂಪಿ ಕಟ್ಟಬೇಕಾದರೆ ಮಾತ್ರ ಮೊದಲು ಲೋಡು ಕಡಿಮೆ ಮಾಡಬೇಕಿತ್ತು, ಆಮೇಲೆ ದಾರಿಯ ಏರು ನೋಡಬೇಕಿತ್ತು.